ಎಲೆ ಕೆಂಪಾಗುವ ಹೊತ್ತಿಗೆ: ಮುಂಬಯಿ, ಪುಣೆ, ಗೋವಾದ ಮರಗಳಿಗೆ ದೊಡ್ಡ ಅಪರ್ಚರಿನ ಟೆಲಿ ಲೆನ್ಸ್ ಬಳಸುವುದು ಹೇಗೆ

ಚಳಿಗಾಲ ಶುರುವಾಯಿತೆಂದರೆ ಮುಂಬಯಿ, ಪುಣೆಯ ಓದುಗರು ಕೇಳುವ ಪ್ರಶ್ನೆಗಳು ಎರಡೇ. ಒಂದು, ಹೊರದೇಶದವರ ಫೋಟೊಗಳಲ್ಲಿ ಕಾಣುವ ಕೆಂಪು, ಹಳದಿ ಮರಗಳು ನಮ್ಮ ಕಡೆ ಸಿಗುತ್ತವೆಯೇ? ಎರಡು, 85 ಎಫ್/1.8 ಅಥವಾ 135 ಎಫ್/2ರಂಥ ಟೆಲಿ ಲೆನ್ಸ್ (ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್) ಕೊಂಡು ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯನ್ನು, ಪೂರ್ತಿ ತೆರೆದು ತೆಗೆದರೂ ಹಿಂದಿನ ಬಿಲ್ಡಿಂಗು, ವೈರು, ಬೋರ್ಡು ಹಾಗೇ ಕಾಣುತ್ತವಲ್ಲ, ಯಾಕೆ?

ಮೊದಲನೆಯದಕ್ಕೆ ಉತ್ತರ: ಸಿಗುತ್ತವೆ, ಆದರೆ ಅಕ್ಟೋಬರಿನಲ್ಲಲ್ಲ. ಯುರೋಪು, ಅಮೆರಿಕದಲ್ಲಿ ಮೇಪಲ್ ಕೆಂಪಾಗುವ ಹೊತ್ತಿಗೆ ನಮ್ಮಲ್ಲಿ ಮಳೆ ಈಗಷ್ಟೇ ಹಿಂದೆ ಸರಿದಿದ್ದು ಎಲ್ಲವೂ ಹಸಿರಾಗಿರುತ್ತದೆ. ನಮ್ಮ ಮರಗಳು ಬಣ್ಣ ಬದಲಿಸುವುದು ಜನವರಿಯಿಂದ ಮಾರ್ಚ್ ಕೊನೆಯವರೆಗೆ. ಎರಡನೆಯದಕ್ಕೆ ಉತ್ತರ ಉದ್ದವಿದೆ, ಈ ಲೇಖನದ ಬಹುಪಾಲು ಅದೇ. ಸದ್ಯಕ್ಕೆ ಇಷ್ಟು ತಿಳಿದಿರಲಿ: ಹಿನ್ನೆಲೆ ಕರಗುವುದು ಅಪರ್ಚರ್ ಒಂದರಿಂದಲೇ ಅಲ್ಲ. ನಿಮಗೂ ಎಲೆಗೂ ನಡುವಿನ ದೂರ, ಎಲೆಗೂ ಹಿನ್ನೆಲೆಗೂ ನಡುವಿನ ದೂರ, ಇವೆರಡರ ಲೆಕ್ಕ ಗೊತ್ತಿಲ್ಲದಿದ್ದರೆ ಎಷ್ಟು ದುಬಾರಿ ಲೆನ್ಸಿದ್ದರೂ ಉಪಯೋಗವಿಲ್ಲ.

ಬೇಕಾಗುವ ಸಾಮಾನು

85ರಿಂದ 200 ಮಿ.ಮೀ. ನಡುವಿನ, ಎಫ್/2.8 ಅಥವಾ ಅದಕ್ಕಿಂತ ದೊಡ್ಡ ಅಪರ್ಚರಿನ ಒಂದು ಲೆನ್ಸ್. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಲೆನ್ಸಿನ ಜತೆ ಬಂದ ಹುಡ್ ಕಡ್ಡಾಯವಾಗಿ ಇರಲಿ. ಒಂದು ಪೋಲರೈಸರ್ ಫಿಲ್ಟರ್ (ಎಲೆಯ ಮೇಲಿನ ಹೊಳಪು ಕತ್ತರಿಸುವ, ತಿರುಗಿಸಬಹುದಾದ ಗಾಜು), ಒಂದು ಎನ್‌ಡಿ 8 ಫಿಲ್ಟರ್ (ಬೆಳಕನ್ನು ಮೂರು ಸ್ಟಾಪ್ ಇಳಿಸುವ ಬೂದುಗಾಜು; ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ), ಬ್ಲೋವರ್, ಮೈಕ್ರೋಫೈಬರ್ ಬಟ್ಟೆ. ಟ್ರೈಪಾಡ್ ಬೇಕೇ ಬೇಕೆಂದಿಲ್ಲ. ಅದಿದ್ದರೆ ಪಾರ್ಕಿನ ಕಾವಲುಗಾರರು ಪರ್ಮಿಷನ್ ಕೇಳುವುದು ಹೆಚ್ಚು.

ಲೆನ್ಸ್ ಇಲ್ಲದವರು ಒಡನೆ ಕೊಳ್ಳಲು ಹೋಗಬೇಡಿ. ಮುಂಬಯಿ, ಪುಣೆ ಎರಡರಲ್ಲೂ ದಿನದ ಲೆಕ್ಕದಲ್ಲಿ ಬಾಡಿಗೆಗೆ ಲೆನ್ಸ್ ಕೊಡುವವರಿದ್ದಾರೆ. ಗುರುತಿನ ಚೀಟಿ ಮತ್ತು ಠೇವಣಿ ಕೇಳುತ್ತಾರೆ. ತೆಗೆದುಕೊಳ್ಳುವಾಗ ಅಂಗಡಿಯಲ್ಲೇ ಪೂರ್ತಿ ತೆರೆದ ಅಪರ್ಚರಿನಲ್ಲಿ ನಾಲ್ಕೈದು ಚಿತ್ರ ತೆಗೆದು, ಹಿಗ್ಗಿಸಿ, ಫೋಕಸ್ ಬಿದ್ದ ಜಾಗ ಸರಿಯಿದೆಯೇ ನೋಡಿ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಗೀರು, ಬೂಷ್ಟು ಇದ್ದರೆ ಅಂಗಡಿಯವರ ಎದುರಿಗೇ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ; ವಾಪಸು ಕೊಡುವಾಗ ಮಾತು ಬೆಳೆಯುವುದಿಲ್ಲ.

1. ಯಾವ ಮರ, ಯಾವ ತಿಂಗಳು

ನಗರದಲ್ಲಿ ಸುಲಭವಾಗಿ ಸಿಗುವುದು ಕಾಡು ಬಾದಾಮಿ. ಮುಂಬಯಿಯ ಎಷ್ಟೋ ಸೊಸೈಟಿ ಕಾಂಪೌಂಡುಗಳಲ್ಲಿ, ಗೋವಾದ ಕಡಲ ಬದಿಯಲ್ಲಿ ಇದು ಇದ್ದೇ ಇರುತ್ತದೆ. ಜನವರಿ ನಡುವಿನಿಂದ ಫೆಬ್ರವರಿಯವರೆಗೆ ಹಸಿರು, ಹಳದಿ, ಕಿತ್ತಳೆ, ಗಾಢ ಕೆಂಪು ನಾಲ್ಕೂ ಬಣ್ಣ ಒಂದೇ ಕೊಂಬೆಯ ಮೇಲೆ ಕಾಣಿಸುತ್ತವೆ. ಬಣ್ಣ ತಿರುಗಿದ ಮೇಲೆ ಎಲೆ ಬಹಳ ದಿನ ನಿಲ್ಲುವುದಿಲ್ಲ. ನಿಮ್ಮ ಬೀದಿಯ ಮರವನ್ನು ಜನವರಿ ಮೊದಲ ವಾರದಿಂದಲೇ ಗಮನಿಸಿ. ತುದಿಯ ಎಲೆಗಳಲ್ಲಿ ಕೆಂಪು ಮೂಡಿತೆಂದರೆ ಮುಂದಿನ ಭಾನುವಾರಕ್ಕೆಂದು ಮುಂದೂಡಬೇಡಿ.

ಬೂರುಗ (ಮರಾಠಿಯಲ್ಲಿ ಸಾವರ) ಎಲೆ ಕಳಚಿಕೊಂಡು ಫೆಬ್ರವರಿ ಹೊತ್ತಿಗೆ ಕೆಂಪು ಹೂ ತುಂಬಿ ನಿಲ್ಲುತ್ತದೆ. ಮುತ್ತುಗ (ಪಳಸ) ಫೆಬ್ರವರಿ ಕೊನೆಯಿಂದ ಮಾರ್ಚ್ ತನಕ. ಇವೆರಡಕ್ಕೂ ಊರಿನಿಂದ ಸ್ವಲ್ಪ ಹೊರಗೆ ಹೋಗಬೇಕು: ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ, ಪುಣೆಯಿಂದ ಮುಳಶಿ, ತಾಮ್ಹಿಣಿ ಘಾಟಿನ ದಾರಿ. ಮಾರ್ಚಿನಲ್ಲಿ ಸಾಗಡೆ ಮರ (ಮರಾಠಿಯ ಕುಸುಂಬ) ಚಿಗುರುತ್ತದೆ. ಚಿಗುರು ರಕ್ತಗೆಂಪು, ಅರಿಯದವರು ಇದನ್ನೇ ಉದುರುವ ಎಲೆ ಎಂದುಕೊಳ್ಳುತ್ತಾರೆ. ಅರಳಿಯ ತಾಮ್ರಬಣ್ಣದ ಚಿಗುರೂ ಆ ಕಾಲದ್ದೇ. ವಿಕ್ರೋಳಿಯ ಬಳಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಬದಿಯ ಗುಲಾಬಿ ಟೆಬೂಬಿಯಾ ಸಾಲು ಮುಂಬಯಿಯವರಿಗೆಲ್ಲ ಗೊತ್ತು. ಪುಣೆಯ ವೇತಾಳ ಟೇಕಡಿಯಲ್ಲಿ (ಟೇಕಡಿ ಎಂದರೆ ಗುಡ್ಡ) ಗ್ಲಿರಿಸಿಡಿಯಾ (ಗಿರಿಪುಷ್ಪ) ಬೋಳು ಕೊಂಬೆಗಳ ಮೇಲೆ ತಿಳಿಗುಲಾಬಿ ಹೂ ಬಿಡುತ್ತದೆ.

ಗೋವಾದಲ್ಲಿ ಮೊಲೆಮ್, ಬೋಂಡ್ಲಾ ಕಾಡುಗಳ ನಂದಿ ಮರಗಳನ್ನು ನೋಡಿ. ಎಲೆಗಿಂತ ಅದರ ನುಣುಪಾದ, ಸಿಪ್ಪೆ ಸುಲಿಯುವ ಬಿಳಿಚು ಕಾಂಡವೇ ಟೆಲಿ ಲೆನ್ಸಿಗೆ ಒಳ್ಳೆಯ ವಿಷಯ. ಬೋರಿವಲಿ ಕಾಡಿನ ಕಾಂಡೋಳ ಮರವೂ ಹಾಗೆಯೇ: ಬೋಳಾಗಿ ನಿಂತಾಗ ಬೆಳ್ಳಗಿನ ತೊಗಟೆ ಮಾತ್ರ ಎದ್ದು ಕಾಣುತ್ತದೆ.

2. ನಿಮ್ಮ ಲೆನ್ಸಿನ ಕಿಂಡಿ ಎಷ್ಟು ಅಗಲ, ಲೆಕ್ಕ ಹಾಕಿ

ಫೋಕಲ್ ಲೆಂಗ್ತನ್ನು (ಲೆನ್ಸಿನ ಹೆಸರಿನಲ್ಲಿ ಮೊದಲು ಬರುವ ಮಿ.ಮೀ. ಅಂಕಿ) ಎಫ್ ಸಂಖ್ಯೆಯಿಂದ ಭಾಗಿಸಿ. ಬರುವ ಉತ್ತರವೇ ಕಿಂಡಿಯ ಅಗಲ. 85 ಎಫ್/1.8ಕ್ಕೆ 47 ಮಿ.ಮೀ. 135 ಎಫ್/2ಕ್ಕೆ 67 ಮಿ.ಮೀ. 200 ಎಫ್/2.8ಕ್ಕೆ 71 ಮಿ.ಮೀ.

ಈ ಅಂಕಿಯಿಂದ ಏನು ಪ್ರಯೋಜನ? ಬಲು ದೂರದ ಹಿನ್ನೆಲೆಯಲ್ಲಿರುವ ಒಂದು ಬೆಳಕಿನ ಚುಕ್ಕೆ, ನೀವು ಫೋಕಸ್ ಮಾಡಿದ ಎಲೆಯ ಪಕ್ಕದಲ್ಲಿ ಅಷ್ಟೇ ಅಗಲದ ಬಿಲ್ಲೆಯಾಗಿ ಹರಡುತ್ತದೆ. ಅಂದರೆ 135 ಎಫ್/2ರಲ್ಲಿ 20 ಸೆಂ.ಮೀ. ಉದ್ದದ ಬಾದಾಮಿ ಎಲೆಯ ಹಿಂದೆ, ಎಲೆಯ ಮೂರನೇ ಒಂದು ಭಾಗದಷ್ಟು ದೊಡ್ಡ ಬಿಲ್ಲೆಗಳು. ಹಿನ್ನೆಲೆಯಲ್ಲಿರುವುದು ಮರವೋ ಮನೆಯೋ ಗೊತ್ತೇ ಆಗದಷ್ಟು ಕರಗಲು ಅಷ್ಟು ಸಾಕು. ಅದೇ 12 ಮೀಟರ್ ಎತ್ತರದ ಇಡೀ ಮರವನ್ನು ತೆಗೆಯುವಾಗ ಬಿಲ್ಲೆಯ ಅಗಲ ಆಗಲೂ 67 ಮಿ.ಮೀ.ಗಿಂತ ಹೆಚ್ಚಲಾರದು. 12 ಮೀಟರಿನ ಎದುರು ಏಳು ಸೆಂ.ಮೀ. ಯಾವ ಲೆಕ್ಕ? "ಪೂರ್ತಿ ತೆರೆದರೂ ಬಿಲ್ಡಿಂಗ್ ಕಾಣುತ್ತದೆ" ಎನ್ನುವವರಲ್ಲಿ ಹೆಚ್ಚಿನವರು ಇಡೀ ಮರವನ್ನೇ ಚೌಕಟ್ಟಿಗೆ ತುಂಬಲು ಹೊರಟವರು. ಈ ಲೆನ್ಸಿನ ಶಕ್ತಿ ಇರುವುದು ಕೊಂಬೆಯಲ್ಲಿ, ಗೊಂಚಲಿನಲ್ಲಿ, ಒಂಟಿ ಎಲೆಯಲ್ಲಿ.

ಇನ್ನೊಂದು ಮಾತೂ ಈ ಲೆಕ್ಕದಿಂದಲೇ ಸಿಗುತ್ತದೆ. ಕ್ಯಾಮೆರಾ ಜತೆ ಬರುವ ಅಗ್ಗದ 55-250 ಜೂಮ್ 250ರಲ್ಲಿ ಎಫ್/5.6 ಆಗಿರುತ್ತದೆ. ಭಾಗಿಸಿದರೆ 45 ಮಿ.ಮೀ., 85 ಎಫ್/1.8ಕ್ಕೆ ಬಹುತೇಕ ಸಮ. ಹಿಂದೆ ಹೆಜ್ಜೆ ಇಡಲು ಜಾಗವಿದ್ದರೆ ಆ ಜೂಮಿನಲ್ಲೇ ಒಂಟಿ ಎಲೆಯ ಹಿಂದಿನದನ್ನು ಕರಗಿಸಬಹುದು. ದೊಡ್ಡ ಅಪರ್ಚರಿನಿಂದ ಹೆಚ್ಚಿಗೆ ಸಿಗುವುದು ಬೆಳಕು, ಅಂದರೆ ಮುಂಜಾನೆಯ ಮಬ್ಬಿನಲ್ಲೂ ಎಲೆಯ ಅಲುಗಾಟ ಹಿಡಿಯುವಷ್ಟು ಶಟರ್ ವೇಗ.

3. ಎಲೆಗಿಂತ ಮೊದಲು ಹಿನ್ನೆಲೆ ಹುಡುಕಿ

ಬಣ್ಣದ ಎಲೆ ಕಂಡ ಕೂಡಲೇ ಕ್ಯಾಮೆರಾ ಎತ್ತಬೇಡಿ. ಮೊದಲು ಅದರ ಹಿಂದೆ ಏನಿದೆ, ಎಷ್ಟು ದೂರದಲ್ಲಿದೆ ಎಂದು ನೋಡಿ. ನೆನಪಿಡಲು ಸುಲಭದ ನಿಯಮ ಹೀಗಿದೆ. ನಿಮ್ಮಿಂದ ಎಲೆ ಎಷ್ಟು ದೂರವೋ ಎಲೆಯಿಂದ ಹಿನ್ನೆಲೆಯೂ ಅಷ್ಟೇ ದೂರವಿದ್ದರೆ, ಆ ಲೆನ್ಸ್ ಕೊಡಬಹುದಾದ ಮಸುಕಿನಲ್ಲಿ ಅರ್ಧ ಸಿಗುತ್ತದೆ. ಮೂರು ಪಟ್ಟು ದೂರವಿದ್ದರೆ ಮುಕ್ಕಾಲು. ಒಂಬತ್ತು ಪಟ್ಟಿದ್ದರೆ ಹತ್ತರಲ್ಲಿ ಒಂಬತ್ತು ಪಾಲು. ಆದ್ದರಿಂದ 3 ಮೀಟರ್ ದೂರದ ಕೊಂಬೆಗೆ 9 ಮೀಟರ್ ಹಿಂದಿನ ಹಿನ್ನೆಲೆ ಸಾಕಾಗುತ್ತದೆ. ಅದಕ್ಕೂ ಹತ್ತಿರವಿದ್ದರೆ ಲೆನ್ಸ್ ಬದಲಿಸುವ ಬದಲು ಕೊಂಬೆಯ ಹತ್ತಿರ ಹೋಗಿ, ಅಥವಾ ಪಕ್ಕಕ್ಕೆ ಎರಡು ಹೆಜ್ಜೆ ಸರಿದು ದೂರದ ಹಿನ್ನೆಲೆ ಹುಡುಕಿ. ಟೆಲಿ ಲೆನ್ಸಿಗೆ ಕಾಣುವ ಹಿನ್ನೆಲೆಯ ತುಂಡು ತೀರ ಕಿರಿದು. 135 ಮಿ.ಮೀ.ನಲ್ಲಿ ಫುಲ್ ಫ್ರೇಮ್ (36 ಮಿ.ಮೀ. ಅಗಲದ ಸೆನ್ಸರಿನ) ಕ್ಯಾಮೆರಾಕ್ಕೆ 10 ಮೀಟರ್ ದೂರದಲ್ಲಿ ಸುಮಾರು 2.7 ಮೀಟರ್ ಅಗಲವಷ್ಟೇ ಕಾಣುತ್ತದೆ. ಎರಡು ಹೆಜ್ಜೆ ಸರಿದರೆ ಹಿನ್ನೆಲೆ ಪೂರ್ತಿ ಬೇರೆಯಾಗುತ್ತದೆ.

ಹಿನ್ನೆಲೆಯ ಬಣ್ಣವೂ ಮುಖ್ಯ. ಕೆಂಪು ಎಲೆಗೆ ನೆರಳಿನಲ್ಲಿರುವ ಕಡುಹಸಿರು ಅತ್ಯುತ್ತಮ. ಮಾವು, ಹಲಸಿನಂಥ ಎಲೆ ಉದುರದ ಮರ ಹಿಂದಿದ್ದರೆ ಬಿಡಬೇಡಿ. ಹಳದಿ ಎಲೆಗೆ ನೆರಳಿನ ಗೋಡೆ, ಕಪ್ಪು ಬಂಡೆ. ಪುಣೆಯ ಟೇಕಡಿಗಳ ಇಳಿಜಾರಿನಲ್ಲಿ ಒಣಹುಲ್ಲಿನ ಹೊಂಬಣ್ಣ ದೂರದಲ್ಲಿ ಸಿಗುತ್ತದೆ; ಗ್ಲಿರಿಸಿಡಿಯಾದ ತಿಳಿ ಹೂವಿಗೆ ಅದು ಸಾಲದು, ಹೂವೂ ಹುಲ್ಲೂ ಒಂದಾಗಿಬಿಡುತ್ತವೆ. ಎಲ್ಲಕ್ಕಿಂತ ಕೆಟ್ಟ ಹಿನ್ನೆಲೆ ಬಿಳಿ ಆಕಾಶ. ಎಲೆ ಕಪ್ಪಾಗುತ್ತದೆ, ಕೊಂಬೆಯ ಅಂಚಿನಲ್ಲಿ ನೇರಳೆ, ಹಸಿರು ಗೆರೆ ಏಳುತ್ತದೆ. ದೊಡ್ಡ ಅಪರ್ಚರಿನ ಲೆನ್ಸುಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ ಈ ದೋಷ ಹೆಚ್ಚು. ಎಫ್/2ರಿಂದ ಎಫ್/4ಕ್ಕೆ ಬಂದರೆ ಬಹುತೇಕ ಕಡಿಮೆಯಾಗುತ್ತದೆ.

ಆಕಾಶ ತಪ್ಪಿಸಬೇಕೆಂದರೆ ಮರದ ನೆತ್ತಿಯ ಮಟ್ಟಕ್ಕೆ ನೀವೇ ಏರಬೇಕು. ಇದಕ್ಕೆ ಮುಂಬಯಿಯಷ್ಟು ಅನುಕೂಲದ ಊರು ಇನ್ನೊಂದಿಲ್ಲ. ಸ್ಕೈವಾಕ್, ರೈಲ್ವೆ ಪಾದಚಾರಿ ಸೇತುವೆ, ಸೊಸೈಟಿಯ ಎರಡನೇ, ಮೂರನೇ ಮಹಡಿಯ ಬಾಲ್ಕನಿ ಎಲ್ಲವೂ ಬಾದಾಮಿ ಮರದ ಮೇಲ್ಗೊಂಬೆಗಳ ಮಟ್ಟದಲ್ಲಿರುತ್ತವೆ. ಆದರೆ ಎದುರಿನ ಮನೆಗಳ ಕಿಟಕಿಗೆ ಉದ್ದದ ಲೆನ್ಸ್ ತಿರುಗಿದರೆ ಯಾರಿಗಾದರೂ ಕಸಿವಿಸಿ ಆಗುವುದು ಸಹಜ. ವಾಚ್‌ಮನ್‌ಗೆ, ಸೆಕ್ರೆಟರಿಗೆ ಮೊದಲೇ ಹೇಳಿ, ಒಂದೆರಡು ಚಿತ್ರ ತೋರಿಸಿ. ಪುಣೆಯ ಕಂಟೋನ್ಮೆಂಟ್, ಖಡ್ಕಿ, ಮುಂಬಯಿಯ ಕೊಲಾಬಾದ ನೌಕಾನೆಲೆಯ ಸುತ್ತ ಎಂಥ ಚಂದದ ಮರ ಕಂಡರೂ ಕ್ಯಾಮೆರಾ ಹೊರಗೆ ತೆಗೆಯಬೇಡಿ. ವಿಕ್ರೋಳಿಯಲ್ಲಿ ಸರ್ವಿಸ್ ರೋಡಿನ ಫುಟ್‌ಪಾತ್ ಬಿಟ್ಟು ಹೈವೇಗೆ ಇಳಿಯಲೇಬೇಡಿ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ಹಿಂದೆ ಹೆಜ್ಜೆ ಇಡುವುದು ಅಲ್ಲಿ ಪ್ರಾಣಕ್ಕೇ ಕುತ್ತು.

4. ಹಿಂಬೆಳಕಿಗೆ ಕಾಯಿರಿ

ಮುಂದಿನಿಂದ ಬಿಸಿಲು ಬಿದ್ದ ಎಲೆ ಬರೀ ಮೇಲ್ಮೈ ತೋರಿಸುತ್ತದೆ: ಧೂಳು, ಹೊಳಪು, ಹಕ್ಕಿಯ ಹಿಕ್ಕೆ. ಸೂರ್ಯ ಎಲೆಯ ಹಿಂದಿದ್ದಾಗ ಬೆಳಕು ಎಲೆಯನ್ನು ಹಾಯ್ದು ಬರುತ್ತದೆ. ಆಗ ಬಾದಾಮಿ ಎಲೆಯನ್ನು ನೋಡಿ: ನಡುನರ ಹಳದಿಯಾಗಿ ಉಳಿದಿರುತ್ತದೆ, ಅದರ ಇಕ್ಕೆಲದಲ್ಲಿ ಕೆಂಪು ದಟ್ಟವಾಗಿ, ಅಂಚಿಗೆ ಹೋದಂತೆ ಕಂದು; ಇನ್ನೂ ಬಣ್ಣ ತಿರುಗದ ಕಡೆ ಒಂದಿಷ್ಟು ಹಸಿರು ತೇಪೆ; ಹುಳು ತಿಂದ ತೂತುಗಳಲ್ಲಿ ಬಿಳಿ ಬೆಳಕಿನ ಚುಕ್ಕೆ. ಇಷ್ಟೂ ವಿವರ ಮುಂಬೆಳಕಿನಲ್ಲಿ ಕಾಣಿಸುವುದೇ ಇಲ್ಲ.

ಮುಂಬಯಿಯಲ್ಲಿ ಜನವರಿ ಕೊನೆಗೆ ಸೂರ್ಯ ಹುಟ್ಟುವುದು ಸುಮಾರು 7:10ಕ್ಕೆ, ಮಾರ್ಚ್ ನಡುವಿನಲ್ಲಿ ಸುಮಾರು 6:45ಕ್ಕೆ. ಪುಣೆಯಲ್ಲಿ ಕೆಲವು ನಿಮಿಷ ಮೊದಲು. ಸೂರ್ಯ ಹುಟ್ಟಿ ಅರ್ಧ ಗಂಟೆಯಿಂದ ಎರಡು ಗಂಟೆವರೆಗಿನ ಸಮಯ ಶ್ರೇಷ್ಠ. ಬಿಸಿಲು ಓರೆಯಾಗಿರುತ್ತದೆ, ಗಾಳಿಯೂ ಕಡಿಮೆ. ಕರಾವಳಿಯಲ್ಲಿ ಹೊತ್ತೇರಿದಂತೆ ಕಡಲ ಗಾಳಿ ಎದ್ದು ಕೊಂಬೆ ನಿಲ್ಲದಾಗುತ್ತದೆ. ಹತ್ತರ ಮೇಲೆ ಇನ್ನೊಂದು ತೊಂದರೆ: ಕಾದ ಡಾಂಬರು, ಕಾಂಕ್ರೀಟಿನಿಂದ ಏಳುವ ಬಿಸಿಗಾಳಿ ದೂರದ ಚಿತ್ರವನ್ನು ಕಲಕುತ್ತದೆ. ಹೈವೇ ಆಚೆಗಿನ ಟೆಬೂಬಿಯಾ 200 ಮಿ.ಮೀ.ನಲ್ಲಿ ಮೆತ್ತಗೆ ಬಂದರೆ ಲೆನ್ಸನ್ನು ಬೈಯಬೇಡಿ. ಅದು ಗಾಳಿಯ ಕೆಲಸ. ಯಾವ ಲೆನ್ಸಿನಿಂದಲೂ ಸರಿಹೋಗದು. ಚಳಿಗಾಲದ ಮುಂಬಯಿ ಮಬ್ಬೂ ಅಷ್ಟೇ. ಮಬ್ಬಿನ ದಿನ 10 ಮೀಟರಿಗಿಂತ ದೂರದ ವಿಷಯ ಕೈಬಿಟ್ಟು, ಹತ್ತಿರದ ಕೊಂಬೆ ಹಿಡಿಯಿರಿ.

ಸೂರ್ಯ ನೇರ ಚೌಕಟ್ಟಿನೊಳಗೆ ಬಾರದಂತೆ, ಒಂದು ಕೊಂಬೆ ಅಥವಾ ಕಾಂಡದ ಮರೆಯಲ್ಲಿರುವಂತೆ ನಿಲ್ಲಿ. ಬಂದರೆ ಫ್ಲೇರ್ (ಲೆನ್ಸಿನೊಳಗೆ ಬೆಳಕು ಚದುರಿ ಬಣ್ಣ ತೆಳುವಾಗುವುದು) ಆಗುತ್ತದೆ. ಹುಡ್ ಸಾಲದಿದ್ದರೆ ಅಂಗೈಯನ್ನೇ ಲೆನ್ಸಿನ ಮೇಲ್ಗಡೆ ಅಡ್ಡ ಹಿಡಿಯಿರಿ. ಆಪ್ಟಿಕಲ್ ವ್ಯೂಫೈಂಡರಿನ ಕ್ಯಾಮೆರಾದಲ್ಲಿ ಟೆಲಿ ಲೆನ್ಸಿನ ಮೂಲಕ ಸೂರ್ಯನನ್ನು ನೋಡಲೇಬಾರದು, ಕಣ್ಣಿಗೆ ಅಪಾಯ. ಮಿರರ್‌ಲೆಸ್‌ನವರು ಪೂರ್ತಿ ತೆರೆದ ಲೆನ್ಸನ್ನು ಸೂರ್ಯನಿಗೆ ಮುಖಮಾಡಿ ಕೊರಳಿಗೆ ನೇತುಹಾಕಿಕೊಳ್ಳಬೇಡಿ. ಒಳಗಿನ ಶಟರ್, ಸೆನ್ಸರ್ ಸುಡಬಹುದು. ನಡೆಯುವಾಗ ಕ್ಯಾಪ್ ಹಾಕಿ.

5. ಕ್ಯಾಮೆರಾ ಸೆಟ್ಟಿಂಗ್

ಮೋಡ್ ಅಪರ್ಚರ್ ಪ್ರಯಾರಿಟಿ (ಅಪರ್ಚರ್ ನೀವು ಆಯ್ದರೆ ಶಟರ್ ವೇಗವನ್ನು ಕ್ಯಾಮೆರಾ ಆಯ್ಕೆ ಮಾಡುತ್ತದೆ). ಫೈಲ್ ರಾ (ಕ್ಯಾಮೆರಾ ತಿದ್ದದೆ ಉಳಿಸುವ, ಆಮೇಲೆ ಎಡಿಟ್ ಮಾಡಲು ಅನುಕೂಲವಾದ ಫೈಲ್). ಬಿಳುಪು ಹೊಂದಿಕೆ, ಅಂದರೆ ವೈಟ್ ಬ್ಯಾಲೆನ್ಸ್, ಆಟೊದಲ್ಲಿ ಬೇಡ. ಚೌಕಟ್ಟಿನ ತುಂಬ ಕಿತ್ತಳೆ ಇದ್ದರೆ ಆಟೊ ಅದನ್ನು ದೋಷವೆಂದು ತಿಳಿದು ತಣ್ಣಗೆ ಮಾಡುತ್ತದೆ. ಡೇಲೈಟ್‌ಗೆ ಇಡಿ, ನೆರಳಿನಲ್ಲಿ ಕ್ಲೌಡಿ.

ಅಪರ್ಚರಿನ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ. ಡೆಪ್ತ್ ಆಫ್ ಫೀಲ್ಡ್ ಎಂದರೆ ಫೋಕಸ್ ಬಿದ್ದ ಜಾಗದ ಹಿಂದೆ ಮುಂದೆ ಎಷ್ಟು ಆಳ ಸ್ಪಷ್ಟವಾಗಿ ಕಾಣುತ್ತದೆ ಎಂಬುದು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 3 ಮೀಟರ್ ದೂರಕ್ಕೆ 135 ಎಫ್/2ರಲ್ಲಿ ಅದು ಸುಮಾರು 6 ಸೆಂ.ಮೀ. 200 ಎಫ್/2.8ರಲ್ಲಿ 4 ಸೆಂ.ಮೀ.ಗಿಂತ ತುಸು ಕಡಿಮೆ. 85 ಎಫ್/1.8ರಲ್ಲಿ 13 ಸೆಂ.ಮೀ. ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ ಅದೇ ದೂರ, ಅದೇ ಎಫ್ ಸಂಖ್ಯೆಗೆ ಇದರ ಮೂರರಲ್ಲಿ ಎರಡು ಪಾಲು ಮಾತ್ರ. ಬಾದಾಮಿ ಎಲೆಗಳು ಕೊಂಬೆಯ ತುದಿಯಲ್ಲಿ ಗುಂಪಾಗಿ ಸುತ್ತಲೂ ಚಾಚಿಕೊಂಡಿರುತ್ತವೆ. ಆ ಗೊಂಚಲಿನ ಆಳವೇ 30 ಸೆಂ.ಮೀ. ದಾಟುತ್ತದೆ. ಎಫ್/2ರಲ್ಲಿ ಒಂದು ಎಲೆಯ ಅರ್ಧ ಸ್ಪಷ್ಟ, ಉಳಿದದ್ದೆಲ್ಲ ಮಸುಕು. ಹಿನ್ನೆಲೆ ಸಾಕಷ್ಟು ದೂರವಿದ್ದರೆ ಎಫ್/4ಕ್ಕೆ ಇಳಿಸಿ. ಆಳ 12 ಸೆಂ.ಮೀ. ಆಗುತ್ತದೆ, ಬಿಲ್ಲೆಯ ಅಗಲ 34 ಮಿ.ಮೀ.ಗೆ ಬರುತ್ತದೆ. ಒಂಟಿ ಎಲೆಗೆ ಎಫ್/2, ಗೊಂಚಲಿಗೆ ಎಫ್/2.8ರಿಂದ 4, ಹೂ ತುಂಬಿದ ಮುತ್ತುಗದ ಕೊಂಬೆಗೆ ಎಫ್/4ರಿಂದ 5.6. ನಮ್ಮ ಸಲಹೆ ಇಷ್ಟೇ: ದುಡ್ಡು ಕೊಟ್ಟಿದ್ದೇವೆಂದು ಎಲ್ಲ ಚಿತ್ರವನ್ನೂ ಪೂರ್ತಿ ತೆರೆದೇ ತೆಗೆಯಬೇಡಿ.

ಒಂದು ಸ್ಟಾಪ್ ಇಳಿಸುವುದರಿಂದ ಇನ್ನೊಂದು ಲಾಭವಿದೆ. ಪೂರ್ತಿ ತೆರೆದಾಗ ಚಿತ್ರದ ಮೂಲೆಗಳಲ್ಲಿ ಬೆಳಕಿನ ಬಿಲ್ಲೆಗಳು ದುಂಡಗಿರದೆ ನಿಂಬೆ ಹೋಳಿನ ಆಕಾರಕ್ಕೆ ಬರುತ್ತವೆ, ಲೆನ್ಸಿನ ಕೊಳವೆಯೇ ಅಂಚಿನ ಬೆಳಕನ್ನು ತಡೆಯುವುದರಿಂದ. ಎಫ್/2ರಿಂದ 2.8ಕ್ಕೆ ಬಂದರೆ ಬಹಳಷ್ಟು ದುಂಡಗಾಗುತ್ತವೆ.

ಶಟರ್ ವೇಗ: ಗಾಳಿಯಿಲ್ಲದಾಗ 1/500 ಸೆಕೆಂಡ್, ಎಲೆ ಅಲುಗುತ್ತಿದ್ದರೆ 1/1000. ಅರಳಿ ಎಲೆಗೆ ತೊಟ್ಟು ಉದ್ದ, ಗಾಳಿ ಇಲ್ಲವೆಂದುಕೊಂಡಾಗಲೂ ಆಡುತ್ತಿರುತ್ತದೆ. ಅದಕ್ಕೆ 1/1000ಕ್ಕಿಂತ ಕಡಿಮೆ ಬೇಡ. ಲೆನ್ಸಿನ ಸ್ಟೆಬಿಲೈಸೇಶನ್ ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಎಲೆಯ ಅಲುಗಾಟವನ್ನಲ್ಲ. ಬೆಳಗಿನ ಹಿಂಬೆಳಕಿನಲ್ಲಿ ಎಫ್/2.8, 1/1000, ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ) 200ರಿಂದ ಶುರುಮಾಡಿ, ನೋಡಿಕೊಂಡು ಸರಿಪಡಿಸಿ.

ಬಿಸಿಲು ಏರಿದ ಮೇಲೆ ಸಮಸ್ಯೆ ತಿರುಗುಮುರುಗು. ಐಎಸ್‌ಒ 100, ಎಫ್/2ಕ್ಕೆ ಪೂರ್ಣ ಬಿಸಿಲಿನಲ್ಲಿ ಸುಮಾರು 1/6400 ಬೇಕು. ನಿಮ್ಮ ಕ್ಯಾಮೆರಾ 1/4000ಕ್ಕೇ ನಿಂತರೆ ಚಿತ್ರ ಬೆಳ್ಳಗಾಗುತ್ತದೆ. ಎನ್‌ಡಿ 8 ಹಾಕಿದರೆ 1/800ಕ್ಕೆ ಬರುತ್ತದೆ. ಪೋಲರೈಸರ್ ಹಾಕಿದರೂ ಒಂದೂವರೆಯಿಂದ ಎರಡು ಸ್ಟಾಪ್ ಇಳಿಯುತ್ತದೆ, ಜತೆಗೆ ಬಾದಾಮಿ ಎಲೆಯ ಮೇಣದಂಥ ಹೊಳಪು ಹೋಗಿ ಬಣ್ಣ ಗಾಢವಾಗುತ್ತದೆ. ಪಕ್ಕದ ಬೆಳಕಿನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನೇರ ಹಿಂಬೆಳಕಿನಲ್ಲಿ ತೆಗೆದಿಡಿ.

ಕೆಲವು ಕ್ಯಾಮೆರಾಗಳಲ್ಲಿ ಎಲೆಕ್ಟ್ರಾನಿಕ್ ಫ್ರಂಟ್ ಕರ್ಟನ್ ಶಟರ್ (ಶಟರಿನ ಮೊದಲ ಪರದೆಯ ಕೆಲಸವನ್ನು ಸೆನ್ಸರೇ ಮಾಡುವ ವ್ಯವಸ್ಥೆ) ಮೊದಲಿನಿಂದಲೇ ಆನ್ ಇರುತ್ತದೆ. 1/2000 ದಾಟಿ, ದೊಡ್ಡ ಅಪರ್ಚರಿನಲ್ಲಿ ತೆಗೆದರೆ ಹಿನ್ನೆಲೆಯ ಬಿಲ್ಲೆಗಳು ಒಂದು ಬದಿ ಕತ್ತರಿಸಿದ ಹಾಗೆ ಬರುತ್ತವೆ. ಎಷ್ಟೋ ಜನ ಇದನ್ನು ಲೆನ್ಸಿನ ದೋಷವೆಂದುಕೊಂಡು ಸರ್ವಿಸ್ ಸೆಂಟರಿಗೆ ಅಲೆಯುತ್ತಾರೆ. ಮೆನುವಿನಲ್ಲಿ ಪೂರ್ತಿ ಮೆಕ್ಯಾನಿಕಲ್ ಶಟರ್ ಆಯ್ದುಕೊಂಡರೆ ಸಾಕು.

ಎಕ್ಸ್‌ಪೋಶರ್: ಹಿನ್ನೆಲೆ ಕಪ್ಪು ನೆರಳಾಗಿದ್ದರೆ ಕ್ಯಾಮೆರಾ ಚಿತ್ರವನ್ನು ಬೇಕಾದ್ದಕ್ಕಿಂತ ಬೆಳ್ಳಗೆ ಮಾಡುತ್ತದೆ, ಕಾಂಪೆನ್ಸೇಶನ್ (ಚಿತ್ರದ ಬೆಳಕು ಏರಿಸಿ ಇಳಿಸುವ +/- ಸೆಟ್ಟಿಂಗ್) -1ಕ್ಕೆ ಇಡಿ. ಹಿನ್ನೆಲೆ ಬೆಳಕಾಗಿದ್ದರೆ +1. ಕೆಂಪು ಹೂ, ಕೆಂಪು ಎಲೆಗೆ ವಿಶೇಷ ಎಚ್ಚರಿಕೆ ಬೇಕು. ಹಿಸ್ಟೋಗ್ರಾಂ (ಚಿತ್ರದಲ್ಲಿ ಕತ್ತಲು, ಬೆಳಕು ಎಷ್ಟೆಷ್ಟಿದೆ ಎಂದು ತೋರಿಸುವ ನಕ್ಷೆ) ಒಟ್ಟಾರೆ ಸರಿಯಾಗೇ ಕಂಡರೂ ಕೆಂಪು ಚಾನೆಲ್ ಮಾತ್ರ ಬಲಗಡೆ ಗೋಡೆಗೆ ಬಡಿದಿರುತ್ತದೆ. ಆಮೇಲೆ ಮುತ್ತುಗದ ಎಸಳಿನ ಗೆರೆಗಳು, ಮೇಲಿನ ನಯವಾದ ರೋಮ ಎಲ್ಲ ಅಳಿಸಿ ಬರೀ ಕಿತ್ತಳೆ ಕಲೆ ಉಳಿಯುತ್ತದೆ. ಮೂರೂ ಬಣ್ಣ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಂ ಆನ್ ಮಾಡಿ, ಕೆಂಪು ಗೆರೆ ಅಂಚು ಮುಟ್ಟದಂತೆ ಇಳಿಸಿ. ಮುತ್ತುಗದ ಮೊಗ್ಗಿನ ಬುಡದಲ್ಲಿ ಮಖಮಲ್ಲಿನಂಥ ಕಡುಕಂದು ಬಟ್ಟಲಿರುತ್ತದೆ. ಕಿತ್ತಳೆಯ ಪಕ್ಕದಲ್ಲಿ ಆ ಕಂದೂ ಕಂಡರೆ ಎಕ್ಸ್‌ಪೋಶರ್ ಸರಿಯಿದೆ ಎಂದರ್ಥ.

6. ಫೋಕಸ್

ಕಣ್ಣು, ಮುಖ ಗುರುತಿಸುವ ಸೌಲಭ್ಯವನ್ನು ಆಫ್ ಮಾಡಿ. ಎಲೆಗಳ ನಡುವೆ ಅದು ಸುಮ್ಮನೆ ಅಲೆಯುತ್ತದೆ. ಒಂದೇ ಸಣ್ಣ ಫೋಕಸ್ ಪಾಯಿಂಟ್ ಆಯ್ದು ಅದನ್ನೇ ಎಲೆಯ ಮೇಲಕ್ಕೆ ಸರಿಸಿ. ನಡುವಿನ ಪಾಯಿಂಟಿನಿಂದ ಫೋಕಸ್ ಹಿಡಿದು ಆಮೇಲೆ ಕ್ಯಾಮೆರಾ ತಿರುಗಿಸುವ ಹಳೆಯ ರೂಢಿ ಇಲ್ಲಿ ಕೆಲಸಕ್ಕೆ ಬಾರದು. ನಾಲ್ಕು ಸೆಂ.ಮೀ. ಆಳದಲ್ಲಿ ಆ ತಿರುಗಾಟದ ಜತೆಗೆ ನಿಮ್ಮ ಮೈ ತುಸು ವಾಲಿದರೂ ಫೋಕಸ್ ಕೈಬಿಡುತ್ತದೆ. ಪಾಯಿಂಟನ್ನು ಎಲೆಯ ನಯವಾದ ಬಯಲಿಗಿಂತ ನಡುನರದ ಮೇಲೆ ಅಥವಾ ಅಂಚಿನ ಮೇಲೆ ಇಡಿ. ಅಲ್ಲಿ ಬೆಳಕಿನ ವ್ಯತ್ಯಾಸ ಹೆಚ್ಚಿರುವುದರಿಂದ ಬೇಗ ಹಿಡಿಯುತ್ತದೆ.

ಗಾಳಿಯಿದ್ದರೆ ಕಂಟಿನ್ಯುಯಸ್ ಫೋಕಸ್, ಒಂದು ಸಲಕ್ಕೆ ಐದಾರು ಚಿತ್ರದ ಬರ್ಸ್ಟ್. ಕೊಂಬೆ ಹಿಂದೆ ಮುಂದೆ ತೂಗುವಾಗ ಅದರಲ್ಲಿ ಒಂದಾದರೂ ಸರಿಯಾದ ಜಾಗದಲ್ಲಿ ಬೀಳುತ್ತದೆ. ಲೆನ್ಸಿನ ಮೇಲೆ ಫೋಕಸ್ ಲಿಮಿಟರ್ ಸ್ವಿಚ್ ಇದ್ದರೆ ನೋಡಿಕೊಳ್ಳಿ. ಅದು ದೂರದ ವ್ಯಾಪ್ತಿಗೆ ಸೀಮಿತವಾಗಿದ್ದರೆ ಹತ್ತಿರದ ಎಲೆಗೆ ಫೋಕಸ್ ಆಗುವುದೇ ಇಲ್ಲ.

ಎಲೆ ಚೌಕಟ್ಟಿಗೆ ಸಮಾನಾಂತರವಾಗಿರುವ ಕೋನ ಹುಡುಕಿದರೆ ಎಫ್/2ರಲ್ಲೂ ಇಡೀ ಎಲೆ ಸ್ಪಷ್ಟ ಬರುತ್ತದೆ. ಇದಕ್ಕೆ ಖರ್ಚಿಲ್ಲ, ಒಂದೆರಡು ಹೆಜ್ಜೆ ಸಾಕು. ಆದರೂ ಹೆಚ್ಚಿನವರು ಇದನ್ನು ಮಾಡುವುದಿಲ್ಲ.

ಮುಂದಿನ ಮಸುಕನ್ನೂ ಬಳಸಿಕೊಳ್ಳಬಹುದು. ಲೆನ್ಸಿನ ಒಂದು ಗೇಣು ಮುಂದೆ ಕೆಲವು ಬಣ್ಣದ ಎಲೆಗಳು ಬರುವಂತೆ ನಿಂತು, ಅವುಗಳ ಸಂದಿಯಿಂದ ದೂರದ ಕೊಂಬೆಗೆ ಫೋಕಸ್ ಮಾಡಿದರೆ ಮುಂದಿನ ಎಲೆಗಳು ಬಣ್ಣದ ತೆರೆಯಾಗಿ ಕರಗುತ್ತವೆ. ಚೌಕಟ್ಟಿನ ಕಾಲು ಭಾಗಕ್ಕಿಂತ ಹೆಚ್ಚು ಮುಚ್ಚದಿರಲಿ, ಮುಚ್ಚಿದರೆ ಇಡೀ ಚಿತ್ರ ಕಳೆಗುಂದುತ್ತದೆ. ಇದಕ್ಕಾಗಿ ಕೊಂಬೆ ಮುರಿಯುವುದು, ಕಟ್ಟಿ ಬಗ್ಗಿಸುವುದು ಸಲ್ಲದು. ರಾಷ್ಟ್ರೀಯ ಉದ್ಯಾನದಲ್ಲಿ ಅದು ಕಾನೂನುಬಾಹಿರವೂ ಹೌದು.

7. ಇಡೀ ಮರವೇ ಬೇಕೆಂದರೆ

ಜಾಗ ಬೇಕು. 12 ಮೀಟರ್ ಎತ್ತರದ ಮರವನ್ನು ಕ್ಯಾಮೆರಾ ಲಂಬವಾಗಿ ಹಿಡಿದು ತುಂಬಿಸಲು ಫುಲ್ ಫ್ರೇಮಿನಲ್ಲಿ 85 ಮಿ.ಮೀ.ಗೆ 28 ಮೀಟರ್, 135ಕ್ಕೆ 45, 200ಕ್ಕೆ 67 ಮೀಟರ್ ಹಿಂದೆ ನಿಲ್ಲಬೇಕು. ಮೇಲೆ ಕೆಳಗೆ ಸ್ವಲ್ಪ ಬಿಡುವು ಬೇಕಾದರೆ ಇನ್ನೂ ಹೆಚ್ಚು. ಮುಂಬಯಿ ಬೀದಿಯಲ್ಲಿ ಅಷ್ಟು ಜಾಗ ಸಿಗುವುದಿಲ್ಲ, ಪುಣೆಯ ಟೇಕಡಿಗಳಲ್ಲಿ, ಘಾಟಿನ ತಿರುವುಗಳಲ್ಲಿ ಸಿಗುತ್ತದೆ. ಇಲ್ಲಿ ಅಪರ್ಚರ್ ಎಫ್/4 ಅಥವಾ 5.6ಕ್ಕೆ ಇಡಿ, ಮಸುಕಿನ ಆಸೆ ಬಿಡಿ. ಮರವನ್ನು ಹಿನ್ನೆಲೆಯಿಂದ ಬೇರ್ಪಡಿಸಬೇಕಾದ್ದು ಬೆಳಕು. ಮರಕ್ಕೆ ಬಿಸಿಲು ಬಿದ್ದು ಹಿಂದಿನ ಬೆಟ್ಟದ ಮಗ್ಗುಲು ಇನ್ನೂ ನೆರಳಿನಲ್ಲಿರುವ ಹೊತ್ತು ಬೆಳಗಿನಲ್ಲಿ ಸ್ವಲ್ಪ ಕಾಲ ಮಾತ್ರ ಇರುತ್ತದೆ. ಹಿಂದಿನ ದಿನವೇ ಹೋಗಿ ನೆರಳು ಎಲ್ಲಿ ಬೀಳುತ್ತದೆ ಎಂದು ನೋಡಿಟ್ಟುಕೊಂಡರೆ ಒಳ್ಳೆಯದು.

8. ಎಡಿಟಿಂಗ್

ಒಟ್ಟು ಸ್ಯಾಚುರೇಶನ್ ಏರಿಸಬೇಡಿ, ಕೆಂಪು ಮೊದಲು ಕೆಡುತ್ತದೆ. ಅದರ ಬದಲು ಹಸಿರಿನ ಸ್ಯಾಚುರೇಶನ್ 10ರಿಂದ 20 ಇಳಿಸಿ. ಕೆಂಪು ತಾನಾಗಿ ಮೇಲೆ ಬರುತ್ತದೆ. ಕೊಂಬೆಯ ಅಂಚಿನ ನೇರಳೆ, ಹಸಿರು ಗೆರೆಗೆ ಡಿಫ್ರಿಂಜ್ (ಅಂಚಿನ ಬಣ್ಣದ ಗೆರೆ ಅಳಿಸುವ ಎಡಿಟಿಂಗ್ ಸಾಧನ) ಬಳಸಿ, ಆದರೆ ಟೆಬೂಬಿಯಾ, ಗ್ಲಿರಿಸಿಡಿಯಾ ಚಿತ್ರಗಳಲ್ಲಿ ಅದು ಹೂವಿನ ಗುಲಾಬಿಯನ್ನೂ ತಿನ್ನದಂತೆ ಕೊಂಬೆಗೆ ಮಾತ್ರ ಮಾಸ್ಕ್ ಹಾಕಿ. ಶಾರ್ಪನಿಂಗನ್ನೂ ಎಲೆಗೆ ಮಾತ್ರ ಕೊಡಿ. ಮಸುಕು ಹಿನ್ನೆಲೆಗೆ ಕೊಟ್ಟರೆ ಕಾಳುಕಾಳಾಗುತ್ತದೆ.

9. ಮನೆಗೆ ಬಂದ ಮೇಲೆ

ಟೇಕಡಿಯ ಸಣ್ಣ ಧೂಳು ಮುಂದಿನ ಗಾಜಿನ ಮೇಲೆ ಕೂತಿರುತ್ತದೆ. ಮೊದಲು ಬ್ಲೋವರ್, ಆಮೇಲೆ ಬಟ್ಟೆ. ನೇರ ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ. ಗೋವಾ, ಮುಂಬಯಿಯ ಕಡಲ ಬದಿಯಲ್ಲಿ ತೆಗೆದಿದ್ದರೆ ಲೆನ್ಸಿನ ಹೊರಮೈಯನ್ನು ಸ್ವಲ್ಪ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಒರೆಸಿ. ಉಪ್ಪು ಉಳಿದರೆ ಮೌಂಟಿನ ಲೋಹ ಕೆಡುತ್ತದೆ. ಎಸಿ ಕೋಣೆಯಿಂದ ಹೊರಟ ದಿನ ಕ್ಯಾಮೆರಾವನ್ನು 20ರಿಂದ 30 ನಿಮಿಷ ಚೀಲದೊಳಗೇ ಬಿಟ್ಟು ಹೊರಗಿನ ಹವೆಗೆ ಹೊಂದಿಸಿ, ಇಲ್ಲದಿದ್ದರೆ ಗಾಜಿನ ಮೇಲೆ ನೀರಾಡುತ್ತದೆ.

ಮಾರ್ಚ್ ಮುಗಿದ ಮೇಲೆ ಈ ಲೆನ್ಸನ್ನು ಚೀಲದಲ್ಲೇ ಮುಚ್ಚಿಟ್ಟು ಮರೆಯುವವರೇ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ತೇವಕ್ಕೆ ಬೂಷ್ಟು ಗಾಜಿನ ಒಳಗೇ ಬೆಳೆಯುತ್ತದೆ, ಅದನ್ನು ತೆಗೆಸಲು ಲೆನ್ಸ್ ಬಿಚ್ಚಬೇಕಾಗುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ಅಗ್ಗದ ತೇವಮಾಪಕ ಹಾಕಿ ಇಡಿ. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. 60 ದಾಟಿದರೆ ಜೆಲ್ಲನ್ನು ಪೊಟ್ಟಣದ ಸೂಚನೆಯಂತೆ ಬಿಸಿ ಮಾಡಿ ಒಣಗಿಸಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಹಾಕಿ.